ವಿಮಾನದಲ್ಲಿ ನೆಲಕ್ಕೆ ಕೂತ ನಮ್ಮವ್ವ

ನಮ್ಮವ್ವ ಎಲೆ-ಅಡಿಕೆ ಇಟ್ಟುಕೊಳ್ಳುವುದು ವಾಂತಿ ಚೀಲದಲ್ಲಿ. ಹೌದು, ನೀವು ಸರಿಯಾಗಿಯೇ ಓದಿದಿರಿ. ವಿಮಾನದಲ್ಲಿ ಮುಂದಿನ ಸೀಟಿನ ಬೆನ್ನಿಗೊಂದು ಜೇಬಿರುತ್ತದಲ್ಲ, ಅದರೊಳಗೆ ಹೊಟ್ಟೆ ತೊಳಸುವವರಿಗೆಂದು ಇಟ್ಟಿರುವ ಬಿಳಿ ಕಾಗದದ ಚೀಲ. ಒಳಗೆ ನುಣುಪು, ಹೊರಗೆ ಗಟ್ಟಿ, ಬಾಯಿ ಮಡಚಿಟ್ಟರೆ ಎಲೆ ಎರಡು ದಿನ ಬಾಡುವುದಿಲ್ಲ. "ಇಷ್ಟ ಚಲೋ ಚೀಲ ವಾಂತಿ ಮಾಡಾಕ ಕೊಡ್ತಾರೇನು? ಹುಚ್ಚ ಮಂದಿ" ಎಂದು ಅವ್ವ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ವಿಮಾನ ಇಳಿದಳು. ಮೊನ್ನೆ ನಮ್ಮ ಹೆಡ್ಮಾಸ್ತರರು ಮನೆಗೆ ಬಂದಾಗ ಅದೇ ಚೀಲದ ಬಾಯಿ ಬಿಚ್ಚಿ, "ಎಲಿ ಹಾಕ್ಕೋರಿ ಸರ" ಎಂದು ಮುಂದೆ ಹಿಡಿದಳು. ಹೆಡ್ಮಾಸ್ತರರು ಎರಡು ಸಲ ದಿಲ್ಲಿಗೆ ಹಾರಿ ಬಂದವರು. ಚೀಲವನ್ನು ನೋಡಿದರು, ಅವ್ವನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿ, "ಬ್ಯಾಡ್ರಿ, ಡಾಕ್ಟರ್ ಎಲಿ ಬಿಡು ಅಂದಾರ" ಎಂದರು. ಬಂದಾಗ ಅವರ ಬಾಯಿ ತುಂಬ ಎಲೆಯೇ ಇತ್ತು.

ಆ ಚೀಲ ಕಂಡಾಗಲೆಲ್ಲ ನನ್ನ ಎದೆ ಉಬ್ಬುತ್ತದೆ. ವಾಂತಿ ಚೀಲ ನೋಡಿ ಎದೆಯುಬ್ಬಿಸುವ ಮನುಷ್ಯ ಇಡೀ ಶಹಾಪುರದಲ್ಲಿ ನಾನೊಬ್ಬನೇ ಇರಬೇಕು. ನಗುವುದಾದರೆ ನಗಿ, ಆದರೆ ಕತೆ ಪೂರ್ತಿ ಕೇಳಿ ನಗಿ.

ನಾನು ಇಲ್ಲಿಯ ಒಂದು ಹೈಸ್ಕೂಲಿನಲ್ಲಿ ಭೂಗೋಳ ಹೇಳುವ ಮಾಸ್ತರ. ಮೂವತ್ತು ವರ್ಷ ಕರಿಹಲಗೆಯ ಮೇಲೆ ಒಂದರ ಮೇಲೊಂದು ಕಮಾನು ಎಳೆದು ವಾಯುಮಂಡಲ ಬರೆದಿದ್ದೇನೆ. ಕೆಳಗಿನದು ಪರಿವರ್ತನ ಮಂಡಲ: ಮೋಡ, ಮಳೆ, ಗುಡುಗು, ಗದ್ದಲ ಎಲ್ಲ ಇಲ್ಲಿ. ಅದರ ಮೇಲಿನದು ಸಮೋಷ್ಣ ಮಂಡಲ: ಇಲ್ಲಿ ಗದ್ದಲವಿಲ್ಲ, ಆದ್ದರಿಂದ ಜೆಟ್ ವಿಮಾನಗಳ ಹಾರಾಟಕ್ಕೆ ಸೂಕ್ತ. ಈ ವಾಕ್ಯ ಹೇಳುವಾಗ ನಾನು ಸುಣ್ಣದ ಕಡ್ಡಿಯಿಂದ ಪುಟ್ಟದೊಂದು ವಿಮಾನವನ್ನೂ ಬರೆಯುತ್ತಿದ್ದೆ. ಅದು ಯಾವಾಗಲೂ ಮೀನಿನ ಹಾಗೆ ಕಾಣುತ್ತಿತ್ತು, ಆ ಮಾತು ಬೇರೆ. "ಸೂಕ್ತ" ಎಂದು ಬರೆದವರಿಗೆ ಒಂದು ಅಂಕ, "ಏಕೆಂದರೆ ಶಾಂತವಾಗಿರುತ್ತದೆ" ಎಂದು ಸೇರಿಸಿದವರಿಗೆ ಎರಡು ಅಂಕ. ನಾನೋ, ಆಗ ವಿಮಾನವನ್ನು ನೋಡಿದ್ದು ಬೆಟ್ಟದ ಮೇಲೆ ಬಿಳಿ ಗೆರೆ ಎಳೆಯುತ್ತ ಹೋಗುವಾಗ ಮಾತ್ರ.

ಎರಡು ಅಂಕ ತೆಗೆದುಕೊಂಡ ಮಕ್ಕಳಲ್ಲಿ ನನ್ನ ಮಗಳು ರೇಣುಕಾಳೂ ಒಬ್ಬಳು. ಅಷ್ಟಕ್ಕೆ ಸುಮ್ಮನಿರಲಿಲ್ಲ. ಕಲಬುರಗಿಯಲ್ಲಿ ಡಿಗ್ರಿ ಮುಗಿಸಿ, ಯಾರಿಗೂ ಹೇಳದೆ ಹೈದರಾಬಾದಿಗೆ ಹೋಗಿ ಸಂದರ್ಶನ ಕೊಟ್ಟು, ವಿಮಾನದ ಪರಿಚಾರಿಕೆಯಾಗಿ ಆಯ್ಕೆಯಾದ ಕಾಗದ ಹಿಡಿದುಕೊಂಡೇ ಮನೆಗೆ ಬಂದಳು. "ಅಪ್ಪಾ, ನೀ ಬರೀ ಬರದಿ. ನಾ ಹೋಗಿ ನೋಡಿ ಬರ್ತೀನಿ" ಎಂದಳು. ನಾನು ಮಾಸ್ತರರ ಕೋಣೆಯಲ್ಲಿ ಪೇಢೆ ಹಂಚಿದೆ. ಒಂದು ವಾರ ಎಲ್ಲ ತರಗತಿಗಳಲ್ಲೂ, ಎಂಟನೆಯವರಿಗೆ ನದಿಗಳ ಪಾಠ ಇದ್ದರೂ, ವಾಯುಮಂಡಲವನ್ನೇ ಹೇಳಿದೆ.

ಎರಡು ವರ್ಷ ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ಚಳಿಗಾಲದ ಬೆಳಿಗ್ಗೆ ಫೋನು ಬಂತು. ಉತ್ತರದ ಕಡೆಯಿಂದ ಬರುತ್ತಿದ್ದ ವಿಮಾನ. ಹೊರಗೆ ಬಿಸಿಲು, ಒಂದು ತುಣುಕು ಮೋಡವಿಲ್ಲ. ರೇಣುಕಾ ಚಹಾದ ಗಾಡಿ ತಳ್ಳಿಕೊಂಡು ಹೋಗುತ್ತಿದ್ದಾಗ ವಿಮಾನ ಒಮ್ಮೆಲೇ ಕೆಳಗೆ ಕುಸಿಯಿತಂತೆ. ಇವಳು ಮೇಲೆ ಹಾರಿ, ತಲೆ ಮಾಡಿಗೆ ಬಡಿದು, ಬೀಳುವಾಗ ಎಡಗೈ ಗಾಡಿಯ ಕೆಳಗೆ ಸಿಕ್ಕಿತು. ಮಣಿಕಟ್ಟು ಮುರಿಯಿತು. ಸೀಟಿನ ಪಟ್ಟಿ ಕಟ್ಟಿಕೊಂಡಿದ್ದವರಿಗೆ ಏನೂ ಆಗಲಿಲ್ಲ. ಮೂರು ತಿಂಗಳು ರಜೆ ಮೇಲೆ ಮನೆಗೆ ಬಂದಳು, ಕೈಗೆ ಪ್ಲಾಸ್ಟರು, ಹಣೆಯ ಮೇಲೆ ಬೋರೆಹಣ್ಣಿನಷ್ಟು ಗಂಟು. ಬಾಗಿಲಲ್ಲಿ ನಿಂತು ನನ್ನನ್ನು ನೋಡಿ ಮೊದಲು ಹೇಳಿದ್ದೇನು ಗೊತ್ತೆ? "ಅಪ್ಪಾ, ಶಾಂತ ಮಂಡಲದಾಗ ಬಿದ್ದೆ. ಎರಡು ಅಂಕ ವಾಪಸ್ ತಗೋ."

ಅವಳ ತಾಯಿ ಶಾರದಾ ನಗಲಿಲ್ಲ. ಮಗಳ ಕೈ ಹಿಡಿದುಕೊಂಡು ಅತ್ತಳು. ಅತ್ತು ಮುಗಿಸಿ ನನ್ನ ಕಡೆ ತಿರುಗಿ, "ಇನ್ನ ಸಾಕ್ರಿ ಆ ನೌಕರಿ" ಎಂದಳು. ಆಗ ನಾನು ಸುಮ್ಮನಿದ್ದಿದ್ದರೆ ಮಾತು ಎರಡು ದಿನದಲ್ಲಿ ತಣ್ಣಗಾಗುತ್ತಿತ್ತೋ ಏನೋ. ಆದರೆ ಮಾಸ್ತರನ ಬಾಯಿ ಸುಮ್ಮನಿರುತ್ತದೆಯೆ? ಮರುದಿನ ಪತ್ರಿಕೆಯಲ್ಲಿ ಅದೇ ವಿಷಯದ ಮೇಲೊಂದು ಬರಹ ಬಂದಿತ್ತು. ಭೂಮಿ ಕಾಯುತ್ತಿರುವುದರಿಂದ ಮೇಲಿನ ಗಾಳಿಯ ಪ್ರವಾಹಗಳು ಕೆರಳುತ್ತಿವೆ, ಮೋಡವಿಲ್ಲದ ಬಾನಿನಲ್ಲೂ ವಿಮಾನಗಳು ಕುಲುಕುವುದು ಹೆಚ್ಚುತ್ತಿದೆ, ಮುಂದೆ ಇನ್ನೂ ಹೆಚ್ಚಬಹುದು ಎಂದು ತಿಳಿದವರು ಹೇಳುತ್ತಾರೆ ಎಂಬ ಬರಹ. ನಾನು ಕನ್ನಡಕ ಏರಿಸಿಕೊಂಡು, ಅಡುಗೆ ಮನೆಯ ಬಾಗಿಲಲ್ಲಿ ನಿಂತು, ಪಾಠ ಓದುವ ಧ್ವನಿಯಲ್ಲಿ ಅದನ್ನು ಮೊದಲಿಂದ ಕೊನೆಯವರೆಗೆ ಶಾರದಾಳಿಗೆ ಓದಿ ಹೇಳಿದೆ. ಓದುತ್ತಿದ್ದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದು ನನ್ನ ವಿವರಣೆ ಮೆಚ್ಚಿ ಎಂದುಕೊಂಡೆ.

"ಅಂದ್ರ ಇದು ಒಮ್ಮಿ ಆಗಿ ಹೋಗೂದಲ್ಲ. ದಿನಾ ಆಗೂದು" ಎಂದಳು. "ಈಗ ಕೈ ಮುರದದ. ಮುಂದ ಏನು ಮುರೀತದ? ನೀವ ಓದಿದ್ರಲ್ಲ, ನೀವ ರಾಜೀನಾಮಿ ಬರೀರಿ."

ಬರೆದೆ. ಏನು ಮಾಡಲಿ, ನನಗೂ ಒಳಗೆ ಅಂಜಿಕೆ ಹೊಕ್ಕಿತ್ತು. ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ, ಆದರೂ ಅರ್ಜಿ ಬರೆಯುವುದರಲ್ಲಿ ನಮ್ಮ ಶಾಲೆಗೆ ನಾನೇ ಮುಂದು. ವೈಯಕ್ತಿಕ ಕಾರಣಗಳಿಂದ ಎಂದು ಚೆನ್ನಾಗಿ ಟೈಪು ಮಾಡಿಸಿ ತಂದು ರೇಣುಕಾಳ ಮುಂದಿಟ್ಟೆ. ಸಹಿ ಒಂದೇ ಬಾಕಿ. ಅವಳು ಓದಿದಳು, ಒಂದು ಕಾಗುಣಿತದ ತಪ್ಪು ತೋರಿಸಿದಳು, ಆಮೇಲೆ ಹೇಳಿದಳು: "ನೀವಿಬ್ಬರೂ ಹೇಳಿದ್ರ ನಾ ಕೇಳಂಗಿಲ್ಲ. ಆಯಿ ಬಿಡು ಅಂದ್ರ ಬಿಡ್ತೀನಿ. ಆಕಿ ಮಾತಿಗೆ ನಾ ಎದುರು ಆಡಂಗಿಲ್ಲ."

ಆಯಿ ಎಂದರೆ ನಮ್ಮ ಕಡೆ ಅಜ್ಜಿ. ಅಂದರೆ ನಮ್ಮವ್ವ, ಯಂಕವ್ವ. ವಿಮಾನದ ಪಂಚಾಯ್ತಿಗೆ ಎಪ್ಪತ್ತೆಂಟರ, ಓದು ಬರಹ ಬಾರದ ಮುದುಕಿಯನ್ನು ಯಾಕೆ ಕರೆದಳು ಎಂದು ನಿಮಗೆ ಅನಿಸಬಹುದು. ಅದಕ್ಕೆ ಸ್ವಲ್ಪ ಹೊಳೆಯ ಕಡೆ ಹೋಗಿ ಬರೋಣ.

ನಮ್ಮೂರು ಸುರಪುರ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿದೆ. ಸೇತುವೆ ಬರುವ ತನಕ ಆಚೆ ದಂಡೆಗೆ ಹೋಗಬೇಕೆಂದರೆ ಪುಟ್ಟಿಯೇ ಗತಿ. ಪುಟ್ಟಿ ಎಂದರೆ ಬಿದಿರು ಹೆಣೆದು, ಹೊರಗೆ ಡಾಂಬರು ಬಳಿದ ದುಂಡನೆಯ ದೋಣಿ, ದೊಡ್ಡದೊಂದು ಬುಟ್ಟಿಯ ಹಾಗೆ. ಅದನ್ನು ನಡೆಸುತ್ತಿದ್ದವನು ನಮ್ಮಪ್ಪ. ಒಂದು ವರ್ಷ ಅವನಿಗೆ ಸೊಂಟ ಹಿಡಿದಾಗ ಅವ್ವ ಹುಟ್ಟು ಕೈಗೆ ತೆಗೆದುಕೊಂಡಳು. ಆರು ತಿಂಗಳಿಗೆ ಅಪ್ಪನ ಸೊಂಟ ಸರಿಹೋಯಿತು. ಹುಟ್ಟು ಮಾತ್ರ ವಾಪಸ್ಸು ಸಿಗಲಿಲ್ಲ. "ನಿನ್ನ ಸೊಂಟ ಮತ್ತ ಹಿಡದೀತು, ಮನ್ಯಾಗ ಇರು" ಎಂದಳಂತೆ. ಅಪ್ಪ ಬಲೆ ಹಾಕಿ ಮೀನು ಹಿಡಿದುಕೊಂಡಿದ್ದ, ಅವ್ವ ಇಪ್ಪತ್ತಾರು ವರ್ಷ ಪುಟ್ಟಿ ನಡೆಸಿದಳು. ಆಡು, ಸೈಕಲ್ಲು, ಜೋಳದ ಚೀಲ, ಹಡೆಯಲು ತವರಿಗೆ ಹೊರಟ ಬಸುರಿ, ಪರೀಕ್ಷೆಗೆ ಹೊರಟ ಹುಡುಗಿಯರು, ಎಲ್ಲರೂ ಅವಳ ಪುಟ್ಟಿಯಲ್ಲೇ. ಒಬ್ಬರನ್ನೂ ಹೊಳೆಗೆ ಕೊಟ್ಟವಳಲ್ಲ.

ಅವಳ ಪುಟ್ಟಿಯಲ್ಲಿ ಕಾನೂನು ಬಿಗಿ. ಎಲ್ಲರೂ ತಳಕ್ಕೆ ಕೂರಬೇಕು. ತಳ ಹಸಿಯಿರಲಿ, ಧೋತರ ಕೆಡಲಿ, ನೆಲಕ್ಕೇ ಕೂರಬೇಕು, ಯಾಕೆಂದರೆ ಪುಟ್ಟಿಯಲ್ಲಿ ಎತ್ತರಕ್ಕೆ ಕೂತವನೇ ಮೊದಲು ಬೀಳುವವನು, ಬೀಳುವಾಗ ಉಳಿದವರನ್ನೂ ಎಳೆದುಕೊಳ್ಳುವವನು. ತೂಕದವರನ್ನು ಎದುರು ಬದುರು ಹಂಚಿ ಕೂಡಿಸಬೇಕು. ನೀರು ಕುಣಿಯಲು ಶುರುಮಾಡಿದರೆ ಅಂಚು ಹಿಡಿಯಬಾರದು, ಪಕ್ಕದವರ ತೋಳು ಹಿಡಿಯಬೇಕು. ಒಮ್ಮೆ ತಾಲ್ಲೂಕು ಆಫೀಸಿನಿಂದ ಬಂದ ಸಾಹೇಬರೊಬ್ಬರು ಇಸ್ತ್ರಿ ಪ್ಯಾಂಟು ಕೆಡುತ್ತದೆಂದು ನಿಂತೇ ಇದ್ದರು. ಅವ್ವ ಹುಟ್ಟನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡು ಎಲೆ ಹಾಕಲು ಶುರು ಮಾಡಿದಳು. "ಸಾಹೇಬ್ರು ಕುಂದರೂ ತನಕ ನನಗೂ ಪುರಸತ್ತು ಅದ" ಎಂದಳು. ಸಾಹೇಬರು ಕೂತರು. 

ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ ನಾನು ಪುಟ್ಟಿ ಹತ್ತಿದರೆ ವಾಂತಿ ಮಾಡಿಕೊಳ್ಳುತ್ತಿದ್ದೆ. ನಿಮ್ಮಾಣೆ. ಆಚೆ ದಂಡೆಯ ಶಾಲೆಗೆ ದಿನಾ ಅವ್ವನ ಪುಟ್ಟಿಯಲ್ಲೇ ಹೋಗಬೇಕಾಗಿತ್ತು. ನಡು ಹೊಳೆಗೆ ಬರುವ ಹೊತ್ತಿಗೆ ಮುಂಜಾನೆಯ ರೊಟ್ಟಿ-ಪುಂಡಿಪಲ್ಲೆ ಮೀನುಗಳ ಪಾಲಾಗುತ್ತಿತ್ತು. ಅಂಬಿಗರ ಮನೆಯ ಹುಡುಗ ನೀರಿಗೆ ಅಂಜಿ ವಾಂತಿ ಮಾಡುತ್ತಾನೆಂದರೆ ಮಂದಿ ಬಿಡುತ್ತಾರೆಯೆ? "ಯಂಕವ್ವ, ನಿನ್ನ ಮಗ ಮೀನಿಗೆ ಊಟಕ್ಕ ಹಾಕಾಕತ್ತಾನ ನೋಡು" ಎಂದು ನಗುತ್ತಿದ್ದರು. ಅವ್ವ ನನ್ನನ್ನು ಬಯ್ಯಲಿಲ್ಲ. "ಇವ ನೆಲದ ಮ್ಯಾಲ ಬದಕೂ ಕೂಸು. ಓದಸೂದ ಬರೋಬ್ಬರಿ" ಎಂದು ತೀರ್ಮಾನ ಮಾಡಿದಳು. ನಾನು ಮಾಸ್ತರನಾದದ್ದರ ಹಿಂದಿನ ಗುಟ್ಟು ಇಷ್ಟೆ, ಬುದ್ಧಿವಂತಿಕೆ ಗಿದ್ಧಿವಂತಿಕೆ ಏನಿಲ್ಲ.

ಸರಿ, ಪಂಚಾಯ್ತಿಗೆ ಬರೋಣ. ಅವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಮೊಮ್ಮಗಳನ್ನು ಎದುರಿಗೆ ಕೂಡಿಸಿಕೊಂಡಳು.

"ಖರೇನ ಮ್ಯಾಲಿನ ಗಾಳಿ ಕೆಟ್ಟದೇನ ಬೇ?"

"ಹೌದು ಆಯಿ, ಓದಿದವ್ರು ಹಂಗ ಹೇಳ್ತಾರ. ಭೂಮಿ ಕಾಯಾಕತ್ತದ. ಅದಕ್ಕ ಮ್ಯಾಲ ಒಂದು ಗಾಳಿ ಜೋರ ಓಡ್ತದ, ಅದರ ಕೆಳಗಿಂದು ಮೆಲ್ಲಕ ಓಡ್ತದ. ಎರಡೂ ತಿಕ್ಕ್ಯಾಡೂ ಕಡೆ ನಾವು ಹೋದ್ವಂದ್ರ ವಿಮಾನ ಕುಣೀತದ."

"ಕಣ್ಣಿಗೆ ಕಾಣ್ತದೇನು?"

"ಮೋಡ ಇದ್ರ ಕಾಣ್ತದ, ಸುತ್ತ ಹಾಕಿ ಹೋಗ್ತಾರ. ಇದು ಕಾಣಂಗಿಲ್ಲ."

"ಸೆಳವು" ಎಂದಳು ಅವ್ವ. "ಮ್ಯಾಲ ನೀರು ಸುಮ್ಮ ಇರ್ತದ. ಒಳಗ ಎಳೀತದ."

ನನಗೆ ಪತ್ರಿಕೆಯ ಅರ್ಧ ಪುಟ ಹಿಡಿಸಿದ್ದು ಅವಳಿಗೆ ಒಂದು ಮಾತಿನಲ್ಲಿ ಮುಗಿಯಿತು. ಒಳಗೊಳಗೇ ನನಗೆ ಹೆಮ್ಮೆಯೂ ಆಯಿತು, ಸಿಟ್ಟೂ ಬಂತು.

"ಮುಂದ ಇನ್ನಾ ಹೆಚ್ಚಾಗ್ತದೇನು?"

"ಆಗಬಹುದು ಅಂತಾರ, ಆಯಿ. ಸುಳ್ಳು ಹೇಳಂಗಿಲ್ಲ ನಾ."

ಅವ್ವ ಅಡಿಕೆಯನ್ನು ದವಡೆಗೆ ಸರಿಸಿದಳು. "ನಮ್ಮ ಹೊಳಿನೂ ಕೆಡ್ತು. ಮೊದಲೆಲ್ಲ ನೀರು ಬರೂದು ಎರಡು ದಿನ ಮೊದಲ ಗೊತ್ತಾಗ್ತಿತ್ತು, ಬಣ್ಣಾ ಬದಲಾಗ್ತಿತ್ತು. ಆಮ್ಯಾಲ ಮಳಿಗೆ ಹೊತ್ತಿಲ್ಲ ಗೊತ್ತಿಲ್ಲ. ಮ್ಯಾಲಿಂದ ನೀರು ಬಿಟ್ರಂದ್ರ ಮುಂಜಾನಿ ಮೊಣಕಾಲ ಮಟ ಇದ್ದದ್ದು ಮಧ್ಯಾಹ್ನಕ್ಕ ಮುಣಗಸ್ತಿತ್ತು."

"ಮತ್ತ ನೀವೂ ಬಿಡಬೇಕಾಗಿತ್ತಲ್ಲ ಅತ್ತಿ" ಎಂದಳು ಶಾರದಾ.

"ನಾ ಬಿಟ್ರ ಮಂದಿ ಹೆಂಗ ದಾಟ್ತಿದ್ರವ್ವಾ? ಬಿಡಲಿಲ್ಲ. ಕುಂದರಸೂದು ಬಿಗಿ ಮಾಡಿದೆ. ಹತ್ತ ಮಂದಿ ಜಾಗದಾಗ ಆರ ಮಂದಿ. ಇಳಸಬಾರದ ದಿನ ಪುಟ್ಟಿ ಬೋರಲ ಹಾಕಿ ಅದರ ಮ್ಯಾಲ ನಾನ ಕುಂದರ್ತಿದ್ದೆ. ಊರ ಗೌಡ್ರು ಬಂದ್ರೂ ಏಳ್ತಿರಲಿಲ್ಲ."

"ಅದೆಲ್ಲ ಇರಲಿ. ಈಗ ಈಕಿ ನೌಕರಿ ಇಟಗೋಬೇಕೋ ಬಿಡಬೇಕೋ, ಅದ ಹೇಳ್ರಿ."

"ದಂಡಿ ಮ್ಯಾಲ ಕುಂತು ಹೆಂಗ ಹೇಳಲಿ? ಈಕಿ ಪುಟ್ಟ್ಯಾಗ ಒಮ್ಮಿ ಕುಂತು ನೋಡ್ತೀನಿ. ಆಮ್ಯಾಲ ಹೇಳ್ತೀನಿ."

ಹೀಗೆ ನಮ್ಮ ವಿಮಾನ ಪ್ರಯಾಣ ಗೊತ್ತಾಯಿತು. ಕೈ ವಾಸಿಯಾಗಿ ರೇಣುಕಾ ಮತ್ತೆ ಕೆಲಸಕ್ಕೆ ಹೋದ ಮೇಲೆ, ಮೇ ತಿಂಗಳಲ್ಲಿ, ಅವಳೇ ಇರುವ ವಿಮಾನಕ್ಕೆ ನಮಗೆ ಟಿಕೀಟು ಮಾಡಿಸಿದಳು, ಹೈದರಾಬಾದಿನಿಂದ ಬೆಂಗಳೂರಿಗೆ. ಶಾರದಾ ಬರಲೊಪ್ಪಲಿಲ್ಲ. ಹೊರಡುವಾಗ ರಾಜೀನಾಮೆ ಪತ್ರವನ್ನು ನನ್ನ ಅಂಗಿಯ ಜೇಬಿಗೆ ತಾನೇ ತುರುಕಿ, "ಅತ್ತಿ ಬ್ಯಾಡಂದ್ರ ಅಲ್ಲೇ ಸಹಿ ತಗೋರಿ, ಊರಿಗೆ ಬರೂ ತನಕ ಕಾಯಬ್ಯಾಡ್ರಿ" ಎಂದಳು.

ಯಾದಗಿರಿಯಲ್ಲಿ ರೈಲು ಹತ್ತಿದೆವು. ಮುಂದಿನ ಸ್ಟೇಶನ್ ದಾಟುವಷ್ಟರಲ್ಲಿ ಅವ್ವ ಡಬ್ಬಿಯವರಿಗೆಲ್ಲ ಮೊಮ್ಮಗಳ ವಿಷಯ ಹೇಳಿ ಮುಗಿಸಿದ್ದಳು. ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ಅವಳ ಸಂಚಿಯಲ್ಲಿದ್ದ ಅಡಕತ್ತರಿ ಹಿಡಿದರು. ಹರಿತವಾದದ್ದು ಒಯ್ಯುವಂತಿಲ್ಲ ಎಂದು ಆ ಹುಡುಗಿ ಹಿಂದಿಯಲ್ಲಿ ಹೇಳಿದಳು. ಅವ್ವ ನಮ್ಮ ಕಡೆಯ ಉರ್ದುವಿನಲ್ಲಿ ಜವಾಬು ಕೊಟ್ಟಳು. ಏನು ಹೇಳಿದಳೋ ನಾನು ಇಲ್ಲಿ ಬರೆಯುವುದಿಲ್ಲ. ಅಡಕತ್ತರಿ ಅಲ್ಲೇ ಉಳಿಯಿತು. ಆ ಸಿಟ್ಟಿಗೇ ಇರಬೇಕು, ವಿಮಾನದಲ್ಲಿ ಮೊದಲು ಕಣ್ಣಿಗೆ ಬಿದ್ದ ವಾಂತಿ ಚೀಲವನ್ನು ಅವ್ವ ವಸೂಲಿ ಮಾಡಿಕೊಂಡದ್ದು.

ವಿಮಾನದ ಬಾಗಿಲಲ್ಲಿ ರೇಣುಕಾ ನಿಂತಿದ್ದಳು. ತಲೆ ಬಾಚಿ ಗಂಟು ಹಾಕಿ, ಕೊರಳಿಗೆ ವಸ್ತ್ರ ಸುತ್ತಿ, ಎಲ್ಲರಿಗೂ ಹೇಳಿದ ಹಾಗೆಯೇ ನಮಗೂ ಕೈ ಮುಗಿದು ಇಂಗ್ಲಿಷಿನಲ್ಲಿ ಸ್ವಾಗತ ಹೇಳಿದಳು. "ನನಗ್ಯಾಕ ಇಂಗ್ಲಿಷ್ ಬೇ" ಎಂದಳು ಅವ್ವ. ಆದರೆ ಮುಖ ನೋಡಬೇಕಿತ್ತು ನೀವು. ನನಗಂತೂ ಹಿಂದಿನವರು ತಳ್ಳುವ ತನಕ ಅಲ್ಲಿಂದ ಕಾಲು ಕೀಳಲಾಗಲಿಲ್ಲ. ನನ್ನ ಮಗಳು! ಅಷ್ಟು ಜನ ಅವಳನ್ನು ದಾಟಿಕೊಂಡು ಒಳಗೆ ಹೋಗುತ್ತಿದ್ದರು, ಅಷ್ಟೂ ಜನರಿಗೆ ಇವಳು ನನ್ನ ಮಗಳು ಎಂದು ಹೇಳಬೇಕೆನಿಸಿತು. ಇಬ್ಬರಿಗೆ ಹೇಳಿದೆ ಕೂಡ.

ನಮ್ಮದು ಮೂರನೆಯ ಸಾಲು. ಅವ್ವ ನಡುದಾರಿಯ ಪಕ್ಕದ ಸೀಟು ಹಿಡಿದಳು. ಅಲ್ಲಿಂದ ಮುಂದೆ, ನಮ್ಮ ಕಡೆ ಮುಖ ಮಾಡಿದ ರೇಣುಕಾಳ ಪುಟ್ಟ ಮಡಚು ಕುರ್ಚಿ ನೆಟ್ಟಗೆ ಕಾಣುತ್ತಿತ್ತು. ಕೂತವಳೇ ಅವ್ವ ಸುತ್ತ ನೋಡಿ ನನ್ನ ತೋಳು ಚಿವುಟಿದಳು.

"ತಮ್ಮಾ, ಆ ಮಗ್ಗಲ ಮೂರೂ ಮಂದಿ ದಪ್ಪನವ್ರು ಕುಂತಾರ. ಈ ಮಗ್ಗಲ ನಾವು ಕಡ್ಡಿ. ಒಬ್ಬರಿಗೆ ಈ ಕಡೆ ಬರ್ರಿ ಅನ್ನು."

"ಇದಕ್ಕ ರೆಕ್ಕಿ ಇರ್ತಾವವ್ವಾ, ಮಂದಿ ತೂಕಕ್ಕ ವಾಲಂಗಿಲ್ಲ" ಎಂದು ನಾನು ವಿವರಿಸಲು ಹೋದೆ.

"ನಿನ್ನ ಪುಸ್ತಕದಾಗ ವಿಮಾನ ಕುಣ್ಯಂಗೂ ಇರಲಿಲ್ಲ, ಸುಮ್ಮ ಕುಂದರು" ಎಂದಳು. 

ಮೊದಲ ಅರ್ಧ ತಾಸು ಹಾಯಾಗಿತ್ತು. ಆಮೇಲೆ ಕಿಟಕಿಯ ಹೊರಗೆ ಮೋಡಗಳು ಗುಡ್ಡಗಳ ಹಾಗೆ ಎದ್ದು ನಿಂತಿರುವುದು ಕಂಡಿತು. ವಿಮಾನ ಒಂದು ಕಡೆ ವಾಲಿ ಸುತ್ತು ಹಾಕಲು ಶುರು ಮಾಡಿತು. ಪಟ್ಟಿ ಕಟ್ಟಿಕೊಳ್ಳಿ ಎಂಬ ದೀಪ ಹತ್ತಿತು. ರೇಣುಕಾ ಚಹಾದ ಗಾಡಿಯನ್ನು ಸರಸರನೆ ಒಳಗೆ ಸೇರಿಸಿ, ತನ್ನ ಕುರ್ಚಿಯಲ್ಲಿ ಕೂತು ಪಟ್ಟಿ ಬಿಗಿದುಕೊಂಡಳು. ಅಷ್ಟರಲ್ಲಿ ಮೊದಲ ಏಟು ಬಿತ್ತು. ಹಳ್ಳ ಹಾರಿದ ಬಸ್ಸಿನ ಹಾಗೆ ವಿಮಾನ ಧಡ್ಡನೆ ಕೆಳಗೆ ಹೋಗಿ, ಮತ್ತೆ ಎದ್ದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕುಲುಕಾಡಿತು. ಹಿಂದೆ ಯಾರೋ ಕಿರುಚಿದರು. ನನ್ನ ಹೊಟ್ಟೆಯೊಳಗೆ ನಲವತ್ತೈದು ವರ್ಷ ಹಿಂದಿನ ಪುಂಡಿಪಲ್ಲೆ ಎದ್ದು ಕೂತಿತು. ನಾನು ಚೀಲ ಹುಡುಕುವಷ್ಟರಲ್ಲಿ ಪಕ್ಕದ ಸೀಟು ಖಾಲಿಯಾಗಿತ್ತು.

ಅವ್ವ ಪಟ್ಟಿ ಬಿಚ್ಚಿ ನೆಲಕ್ಕೆ ಕೂತಿದ್ದಳು. ಸೀಟು ಬಿಟ್ಟು, ನಡುದಾರಿಯಲ್ಲಿ, ಚಕ್ಕಳಮಕ್ಕಳ ಹಾಕಿ. ಕೂತು ನನ್ನ ಕಾಲು ಹಿಡಿದು ಎಳೆಯುತ್ತ, ಆಚೆ ದಂಡೆಗೆ ಕೇಳುವ ತನ್ನ ಹಳೆಯ ಧ್ವನಿಯಲ್ಲಿ ಕೂಗಿದಳು: "ಎಲ್ಲಾರೂ ಕೆಳಗ ಕುಂದರ್ರಿ! ಎತ್ತರಕ್ಕ ಕುಂದರಬ್ಯಾಡ್ರಿ! ಮಗ್ಗಲದವ್ರ ತೋಳ ಹಿಡೀರಿ!"

ನೀವು ಅವಳ ಧ್ವನಿ ಕೇಳಿಲ್ಲ, ಕೇಳಿದ್ದರೆ ನೀವೂ ಕೂರುತ್ತಿದ್ದಿರಿ. ನಮ್ಮ ಹಿಂದಿನ ಸಾಲಿನಲ್ಲಿ ಗುರುಮಠಕಲ್ ಕಡೆಯ ವಯಸ್ಸಾದ ಗಂಡ ಹೆಂಡತಿ ಇದ್ದರು. ಅವರಿಬ್ಬರೂ ಪಟ್ಟಿಗೆ ಕೈ ಹಾಕಿದ್ದು ನನಗೆ ಕಂಡಿತು.  ಪಟ್ಟಿಯಿಲ್ಲದೆ ನಿಂತಿದ್ದ ರೇಣುಕಾಳಿಗೇ ಏನಾಗಿತ್ತೆಂದು ನಾನು ಮನೆಯಲ್ಲೇ ನೋಡಿದ್ದೆನಲ್ಲ. ಎಪ್ಪತ್ತೆಂಟರ ಎಲುಬು ಮಾಡಿಗೆ ಬಡಿದರೆ ಏನು ಉಳಿಯುತ್ತದೆ? ಎಳೆದು ಕೂಡಿಸೋಣವೆಂದರೆ ಬಾಯಿಗೆ ಚೀಲ ಹಿಡಿದಿದ್ದೇನೆ. ಎದ್ದು ಬರಲು ರೇಣುಕಾಳಿಗೂ ಆಗದು, ಎದ್ದರೆ ಅವಳೂ ಬೀಳುವವಳೇ.

ಆಗ ವಿಮಾನದ ತುಂಬ ರೇಣುಕಾಳ ಧ್ವನಿ ಬಂತು. ಗೋಡೆಗಿದ್ದ ಫೋನಿನಂಥ ಮೈಕು ಕೈಗೆತ್ತಿಕೊಂಡಿದ್ದಳು. ಇಂಗ್ಲಿಷಿಲ್ಲ, ಹಿಂದಿಯಿಲ್ಲ, ನಮ್ಮ ಹೊಳೆದಂಡೆಯ ಕನ್ನಡ.

"ಆಯೀ. ಏಳು, ಮ್ಯಾಲ ಕುಂದರು. ಪಟ್ಟಿ ಕಟ್ಟಿಕೋ. ಈ ಪುಟ್ಟಿ ನಂದು."

ಜೋರಾಗಿ ಹೇಳಲಿಲ್ಲ. ಬೇಡಿಕೊಳ್ಳಲೂ ಇಲ್ಲ. ಅವ್ವ ಬಾಯಿ ಮುಚ್ಚಿದಳು. ಸೀಟಿನ ಕೈ ಹಿಡಿದು ಎದ್ದಳು, ಕೂತಳು, ಪಟ್ಟಿ ಸಿಕ್ಕಿಸಿ ಎರಡು ಸಲ ಜಗ್ಗಿ ನೋಡಿದಳು. ಹಿಂದಿನ ಗಂಡ ಹೆಂಡತಿಯೂ ಪಟ್ಟಿಯಿಂದ ಕೈ ತೆಗೆದರು. ಆಮೇಲೆ ರೇಣುಕಾ ಅದನ್ನೇ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ, ಸಭ್ಯವಾಗಿ ಎಲ್ಲರಿಗೂ ಹೇಳಿದಳು.

ಜೀವಮಾನದಲ್ಲಿ ಯಾರ ಮಾತನ್ನೂ ಕೇಳದ ನಮ್ಮವ್ವ ಹಾಗೆ ಎದ್ದು ಕೂತಳೆಂದರೆ ಅದಕ್ಕೆ ಕಾರಣವಿದೆ. ನಮ್ಮ ದಂಡೆಯಲ್ಲಿ ಹುಟ್ಟು ಯಾರ ಕೈಯಲ್ಲಿದೆಯೋ ಮಾತು ಅವರದು. ವಯಸ್ಸಿಲ್ಲ, ನಂಟಿಲ್ಲ. ಅವ್ವನ ಅತ್ತೆ, ಅಂದರೆ ನನ್ನ ಆಯಿ, ಮನೆಯಲ್ಲಿ ಸೊಸೆಗೆ ಉಸಿರಾಡಲು ಬಿಡುತ್ತಿರಲಿಲ್ಲ. ಅದೇ ಮುದುಕಿ ಪುಟ್ಟಿ ಹತ್ತಿದ ಮೇಲೆ ಸೊಸೆ "ಆ ಕಡೆ ಸರಿ" ಎಂದರೆ ತುಟಿ ಪಿಟ್ಟೆನ್ನದೆ ಸರಿಯುತ್ತಿದ್ದಳು. ಇಳಿದ ಮೇಲೆ ಬೇಕಾದಷ್ಟು ಬಯ್ಯುತ್ತಿದ್ದಳು, ಅದು ಬೇರೆ. ನೀರಿನ ಮೇಲೆ ಮಾತಿಲ್ಲ.

ವಿಮಾನ ಇನ್ನೂ ಹತ್ತು ನಿಮಿಷ ಕುಣಿಯಿತು. ನನಗದು ಹತ್ತು ತಾಸು. ನಡುವೆ ಒಮ್ಮೆ ಚೀಲದಿಂದ ತಲೆಯೆತ್ತಿದಾಗ ಅವ್ವ ನನ್ನ ಕಿವಿಯಲ್ಲಿ ಹೇಳಿದಳು, "ತಮ್ಮಾ, ಮಂದಿ ಕಡೆ ನೋಡು." ನೋಡಿದೆ. ಯಾರೂ ಕಿಟಕಿಯ ಹೊರಗೆ ನೋಡುತ್ತಿರಲಿಲ್ಲ. ಕೊನೆಯ ಸಾಲಿನ ತನಕ ಎಲ್ಲರ ಕಣ್ಣೂ ರೇಣುಕಾಳ ಮುಖದ ಮೇಲಿತ್ತು. ಅವಳು ನೆಟ್ಟಗೆ ಕೂತಿದ್ದಳು, ಎರಡೂ ಕೈ ತೊಡೆಯ ಕೆಳಗೆ, ಮುಖ ನಮ್ಮ ಮನೆಯ ಅಂಗಳದಲ್ಲಿ ಕೂತಾಗ ಹೇಗಿರುತ್ತದೋ ಹಾಗೆ. ಮೊದಲ ಸಾಲಿನಲ್ಲಿ ಅಳುತ್ತಿದ್ದ ಒಂದು ಪುಟ್ಟ ಹುಡುಗಿಗೆ ಕಣ್ಣು ಮಿಟುಕಿಸಿದಳು. ಹುಡುಗಿ ಅಳು ನಿಲ್ಲಿಸಿತು. "ನನ್ನ ಪುಟ್ಟ್ಯಾಗೂ ಮಂದಿ ನೀರು ನೋಡ್ತಿರಲಿಲ್ಲ, ನನ್ನ ಮಾರಿ ನೋಡ್ತಿದ್ರು" ಎಂದಳು ಅವ್ವ. ಅವಳ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು, ನಾನು ಅದನ್ನು ವಾಂತಿಯ ಲೆಕ್ಕಕ್ಕೆ ಹಾಕಿದೆ.

ಬೆಂಗಳೂರಿನಲ್ಲಿ ವಿಮಾನ ನೆಲ ಮುಟ್ಟಿತು. ಮಂದಿ ಚಪ್ಪಾಳೆ ತಟ್ಟಿದರು. ರೇಣುಕಾ ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಕೈ ಮುಗಿದು ಕಳಿಸಿದಳು. ಕೆಲವರು ಮುಗುಳ್ನಕ್ಕರು, ಆ ಪುಟ್ಟ ಹುಡುಗಿ ಟಾಟಾ ಮಾಡಿತು, ಗುರುಮಠಕಲ್ಲಿನ ಮುದುಕ ನಿಂತು, "ನಮ್ಮ ಕಡೆಯಾಕಿ ಏನವ್ವಾ ನೀನು? ಚಲೋ ಆತು ಬಿಡು" ಎಂದು ಅವಳ ತಲೆಯ ಮೇಲೆ ಕೈಯಿಟ್ಟು ಹೋದ. ನಾವು ಕೊನೆಗೆ ಉಳಿದೆವು. ನನ್ನ ಕೈ ಅಂಗಿಯ ಜೇಬಿನ ಮೇಲಿತ್ತು. ಸಹಿ ತೆಗೆದುಕೊಳ್ಳುವುದೋ ಹರಿದು ಹಾಕುವುದೋ ನನಗಿನ್ನೂ ಗೊತ್ತಿರಲಿಲ್ಲ. ಶಾರದಾ ಊರಲ್ಲಿ ಫೋನಿನ ಮುಂದೆ ಕೂತಿರುತ್ತಾಳೆಂಬುದು ಮಾತ್ರ ಗೊತ್ತಿತ್ತು.

ಖಾಲಿ ವಿಮಾನದಲ್ಲಿ ಆಯಿ ಮೊಮ್ಮಗಳು ಎದುರು ಬದುರು ನಿಂತರು. ಆಗ ನೋಡಿದೆ, ರೇಣುಕಾ ಮುರಿದಿದ್ದ ಎಡಗೈಯ ಮಣಿಕಟ್ಟನ್ನು ಬಲಗೈಯಿಂದ ಒತ್ತಿ ಹಿಡಿದಿದ್ದಳು. ಇಷ್ಟು ಹೊತ್ತು ಹಾಗೆ ಹಿಡಿದಿರಲಿಲ್ಲ. ಅವ್ವ ಆ ಮಣಿಕಟ್ಟನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಂಜಿಕಿ ಬಂದಿತ್ತೇನು?"

"ಬಂದಿತ್ತು ಆಯಿ."

"ನನಗೂ ಬರ್ತಿತ್ತು. ಪುಟ್ಟಿ ಕಟ್ಟಿ, ಮನಿಗೆ ಹೋಗಿ, ಬಾಗಲಾ ಹಾಕ್ಕೊಂಡು ಅಳ್ತಿದ್ದೆ. ಇವಗೂ ಗೊತ್ತಿಲ್ಲ" ಎಂದು ನನ್ನ ಕಡೆ ಗೋಣು ಹಾಕಿದಳು. ಖರೆ, ನನಗೆ ಗೊತ್ತಿರಲಿಲ್ಲ.

ರೇಣುಕಾ ಕಣ್ಣೊರೆಸಿಕೊಂಡಳು. "ಹೇಳು ಆಯಿ. ಬಿಡ್ಲೇನು?"

"ಎಷ್ಟು ಮಂದಿ ಹತ್ತಿದ್ರು?"

"ನೂರಾ ಎಪ್ಪತ್ತೆರಡು."

"ಎಷ್ಟು ಮಂದಿ ಇಳದ್ರು?"

"ಅಷ್ಟೂ ಮಂದಿ ಇಳದ್ರು. ನೀವಿಬ್ಬರೂ ಇಳದ್ರ ಬರೋಬ್ಬರಿ."

ಅವ್ವ ಅವಳ ಕೈ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿಲ ಕಡೆ ಹೊರಟಳು.

"ಮತ್ತ ನನ್ನೇನು ಕೇಳ್ತಿ ಬೇ? ಈ ದಂಡಿಗೆ ಮಂದಿ ಬಂದು ನಿಂತಿರಬೇಕು. ಹೋಗು, ಕುಂದರಸಿಕೋ ಹೋಗು."